ಮೂಕಪೆಟ್ಟು ಬಿದ್ದರೆ ಮೊದಲ ಎರಡು ದಿನ ಎಣ್ಣೆ ಬೇಡ, ಶಾಖವೂ ಬೇಡ

ಕಬಡ್ಡಿಯಲ್ಲಿ ಎದುರಾಳಿಯ ಮೊಣಕಾಲು ತೊಡೆಗೆ ಬಡಿಯುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿದವರಿಗೆ ಸೊಂಟದ ಬದಿ ನೆಲಕ್ಕೆ ತಾಗುತ್ತದೆ. ಮಲ್ಪೆಯ ಧಕ್ಕೆಯಲ್ಲಿ ಮೀನಿನ ಪೆಟ್ಟಿಗೆ ಮೀನಖಂಡಕ್ಕೆ ಬಡಿಯುತ್ತದೆ. ಮೂರೂ ಒಂದೇ ಜಾತಿಯ ಪೆಟ್ಟು. ಚರ್ಮ ಹರಿದಿರುವುದಿಲ್ಲ, ಒಳಗೆ ಮಾಂಸಖಂಡ ಮೂಳೆಗೆ ಒತ್ತಿ ಜಜ್ಜಿ ಸಣ್ಣ ರಕ್ತನಾಳಗಳು ಒಡೆದಿರುತ್ತವೆ. ಮೂಕಪೆಟ್ಟು, ಒಳಪೆಟ್ಟು ಎನ್ನುವುದು ಇದಕ್ಕೇ. ಆಟಗಾರರಿಗೂ ಮನೆಯವರಿಗೂ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಪೆಟ್ಟಾದ ಕೂಡಲೇ ಎಣ್ಣೆ ಬಿಸಿ ಮಾಡಿ ತಿಕ್ಕುವುದು, ಉಪ್ಪು ಹುರಿದು ಶಾಖ ಕೊಡುವುದು ನಮ್ಮ ಮನೆಗಳ ರೂಢಿ. ರಕ್ತ ಕಟ್ಟಬಾರದು ಎಂಬುದು ಅದರ ಹಿಂದಿನ ಯೋಚನೆ. ಆದರೆ ಆ ಹೊತ್ತಿಗೆ ರಕ್ತ ಇನ್ನೂ ಒಳಗೆ ಸೋರುತ್ತಿರುತ್ತದೆ. ಶಾಖ ಕೊಟ್ಟರೆ ನಾಳಗಳು ಹಿಗ್ಗುತ್ತವೆ, ತಿಕ್ಕಿದರೆ ಆಗತಾನೇ ಹೆಪ್ಪುಗಟ್ಟಿ ಮುಚ್ಚಿಕೊಂಡ ಬಾಯಿ ಮತ್ತೆ ಬಿಡುತ್ತದೆ. ಸಂಜೆ ಗೋಲಿಯಷ್ಟಿದ್ದ ಬಾವು ಬೆಳಿಗ್ಗೆ ಮೂಸಂಬಿಯಷ್ಟಾಗುವುದು ಹೆಚ್ಚಾಗಿ ಹೀಗೆ. ಮೊದಲ 48 ಗಂಟೆ ಶಾಖ, ಮಾಲೀಸು, ಮದ್ಯ, ಓಟ ನಾಲ್ಕನ್ನೂ ದೂರ ಇಡುತ್ತೇನೆ. ಉರಿಯುವ ಮುಲಾಮು, ಸುಣ್ಣ ಕಲಸಿದ ಅರಿಶಿನವೂ ಬೇಡ. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ, ಕೆಳಗಿನ ಬಣ್ಣ ಬದಲಾಗುವುದೂ ಕಾಣುವುದಿಲ್ಲ.

ಐಸ್ ಇಡುವ ರೀತಿ ಹೀಗೆ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹನ್ನೆರಡು ಐಸ್ ತುಂಡು, ಒಂದು ಲೋಟ ನೀರು ಹಾಕಿ, ಗಾಳಿ ಹಿಂಡಿ ತೆಗೆದು ಗಂಟು ಹಾಕಬೇಕು. ನೀರು ಸೇರಿದ ಐಸ್ ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ, ಕಾಲಿನ ಆಕಾರಕ್ಕೂ ಒಗ್ಗುತ್ತದೆ. ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕ್ ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿರುತ್ತದೆ, ಬರಿ ಚರ್ಮಕ್ಕೆ ಒತ್ತಿದರೆ ಬೊಕ್ಕೆ ಏಳುತ್ತದೆ. ಏನಿಟ್ಟರೂ ನಡುವೆ ಒದ್ದೆ ಬೈರಾಸಿನ ಒಂದು ಪದರ ಇರಲಿ. 15 ನಿಮಿಷ ಇಟ್ಟು ತೆಗೆಯಬೇಕು, ಮುಂದಿನ ಸರದಿ ಎರಡು ಗಂಟೆ ಬಿಟ್ಟು. ಮೊಣಕಾಲಿನ ಹೊರಬದಿಯಲ್ಲೂ ಮೊಣಕೈಯ ಒಳಬದಿಯಲ್ಲೂ ನರ ಚರ್ಮದ ಕೆಳಗೇ ಹಾದುಹೋಗುವುದರಿಂದ ಅಲ್ಲಿ 10 ನಿಮಿಷ ಸಾಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಕಾಲಿಗೆ ಐಸ್ ಇಡುವುದಿಲ್ಲ. ಮೀನಿನ ಪೆಟ್ಟಿಗೆಯ ಪುಡಿ ಐಸ್ ಬಳಸುವುದಾದರೆ ಚೀಲದೊಳಗೇ ಇರಲಿ, ತರಚಿದ ಚರ್ಮಕ್ಕೆ ತಾಗಬಾರದು. ಗಾಳಿಮಳೆಗೆ ಕರೆಂಟ್ ಹೋಗಿ ಐಸ್ ಇಲ್ಲವಾದರೆ ಬಾವಿಯಿಂದ ಆಗ ಸೇದಿದ ನೀರಿನಲ್ಲಿ ಬಟ್ಟೆ ಅದ್ದಿ ಮೂರು ನಿಮಿಷಕ್ಕೊಮ್ಮೆ ಬದಲಿಸಿದರೂ ನೋವು ತಗ್ಗುತ್ತದೆ.

ವಿಶ್ರಾಂತಿ, ಐಸ್, ಕಟ್ಟು, ಎತ್ತರ ಎಂಬ ನಾಲ್ಕಕ್ಕೆ 1978ರಲ್ಲಿ ಅವುಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ‘ರೈಸ್’ ಎಂದು ಹೆಸರಿಟ್ಟವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಐಸ್ ಹೆಚ್ಚಾದರೆ ವಾಸಿಯಾಗುವುದು ತಡವಾಗಬಹುದು ಎಂದು ಮುಂದೆ ಅವರೇ ಹೇಳಿದರು. ಹಾಗಾಗಿ ನಾನು ಐಸನ್ನು ನೋವು ತಗ್ಗಿಸಲು ಮೊದಲ ದಿನ ನಾಲ್ಕೈದು ಸಲ ಬಳಸಿ ನಿಲ್ಲಿಸುತ್ತೇನೆ. ಬಾವು ತಡೆಯಲು ನನ್ನ ನಂಬಿಕೆ ಕಟ್ಟಿನ ಮೇಲೆ.

ತೊಡೆಗೆ 15 ಸೆಂಟಿಮೀಟರ್ ಅಗಲದ, ಮೀನಖಂಡಕ್ಕೆ ಮತ್ತು ತೋಳಿಗೆ 10 ಸೆಂಟಿಮೀಟರಿನ ಕ್ರೇಪ್ ಬ್ಯಾಂಡೇಜ್ ಬೇಕು. ಪೆಟ್ಟಿನ ಜಾಗಕ್ಕಿಂತ ಒಂದು ಗೇಣು ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಸುತ್ತಬೇಕು, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಬಾವೆಲ್ಲ ಪಾದಕ್ಕಿಳಿಯುತ್ತದೆ. ಕೆಳಗೆ ಸ್ವಲ್ಪ ಬಿಗಿ, ಮೇಲೆ ಸಡಿಲ. ಸುತ್ತಿದ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಿಡಿ, ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಬೆರಳು ಜೋಮು ಹಿಡಿದರೆ, ತಣ್ಣಗಾದರೆ ಬಿಚ್ಚಿ ಮತ್ತೆ ಕಟ್ಟಿ. ರಾತ್ರಿ ಮಲಗುವಾಗ ಕಟ್ಟು ತೆಗೆದು, ಕಾಲ ಕೆಳಗೆ ಎರಡು ದಿಂಬು.

ತೊಡೆಯ ಮುಂಭಾಗಕ್ಕೆ ಬಿದ್ದ ಪೆಟ್ಟಿಗೆ ಮಾತ್ರ ಒಂದು ವಿಶೇಷ ಕ್ರಮ ಇದೆ, ಇದನ್ನು ನಮ್ಮಲ್ಲಿ ಮಾಡುವವರು ಕಡಿಮೆ. ಕಾಲನ್ನು ನೀಟಾಗಿ ಚಾಚಿ ಮಲಗಿಸಿದರೆ ಜಜ್ಜಿದ ಖಂಡ ಗಿಡ್ಡವಾದ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ, ಮರುದಿನ ಮೊಣಕಾಲು ಮಡಚಲು ಬರುವುದಿಲ್ಲ. ಮಡಚಿ ಇಟ್ಟರೆ ಖಂಡ ಎಳೆದುಕೊಂಡು ಒಳಗೆ ರಕ್ತ ತುಂಬಲು ಜಾಗ ಕಡಿಮೆಯಾಗುತ್ತದೆ. ಚಾಚಿದ ಕಾಲು ಸೊನ್ನೆ ಡಿಗ್ರಿ, ಕುರ್ಚಿಯಲ್ಲಿ ಕೂತಾಗ 90, ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಎಳೆದಾಗ 120. ಅಮೆರಿಕದ ನೌಕಾಪಡೆಯ ಅಕಾಡೆಮಿಯಲ್ಲಿ 47 ಕೆಡೆಟ್‌ಗಳಿಗೆ ಪೆಟ್ಟಾದ 10 ನಿಮಿಷದೊಳಗೆ ಹೀಗೆ 120 ಡಿಗ್ರಿಯಲ್ಲಿ ಮಡಚಿ ಕಟ್ಟಿ 24 ಗಂಟೆ ಇಟ್ಟರು. ಸರಾಸರಿ ಮೂರೂವರೆ ದಿನದಲ್ಲಿ ಅವರು ಪೂರ್ತಿ ಆಟಕ್ಕೆ ಮರಳಿದರು. ಆ ವರದಿ ಬಂದದ್ದು 2006ರಲ್ಲಿ. ಮನೆಯಲ್ಲಿ ಇಡೀ ದಿನ ಕಟ್ಟಿಡಲು ನಾನು ಹೇಳುವುದಿಲ್ಲ, ಪಕ್ಕದಲ್ಲಿ ತಿಳಿದವರು ಇರಬೇಕಾಗುತ್ತದೆ. ಐಸ್ ಇಡುವ 15 ನಿಮಿಷವಾದರೂ ಮೊಣಕಾಲು ಮಡಚಿಯೇ ಇರಲಿ. ಎಳೆತ ಗೊತ್ತಾಗಬೇಕು, ನೋವಾಗಬಾರದು, ಅಲ್ಲಿಗೆ ನಿಲ್ಲಿಸಿ.

ಇನ್ನೊಂದು ಕೆಲಸ ಅಳತೆ. ಬಾವಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಮೊಣಕಾಲ ಚಿಪ್ಪಿನಿಂದ 15 ಸೆಂಟಿಮೀಟರ್ ಮೇಲೆ ಗುರುತು ಮಾಡಿ, ಟೈಲರ್ ಟೇಪಿನಲ್ಲಿ ಎರಡೂ ತೊಡೆಯ ಸುತ್ತಳತೆ ಬರೆದಿಡಿ. ಕಪ್ಪು ಮೈಬಣ್ಣದವರಲ್ಲಿ ನೀಲಿ ಸರಿಯಾಗಿ ಕಾಣದು, ಟೇಪು ಮಾತ್ರ ತಪ್ಪುವುದಿಲ್ಲ. ಮರುದಿನ ಬೋರಲಾಗಿ ಮಲಗಿ ಮೊಣಕಾಲು ಮಡಚಿ ನೋಡಿ. 90 ದಾಟಿದರೆ ಸಣ್ಣ ಪೆಟ್ಟು. 45ರಿಂದ 90ರ ನಡುವೆ ನಿಂತರೆ ಮಧ್ಯಮ, ಒಮ್ಮೆ ತೋರಿಸುವುದು ಒಳ್ಳೆಯದು. 45 ಕೂಡ ಬಾರದಿದ್ದರೆ ಮನೆಮದ್ದು ಸಾಲದು.

ಗೆರೆ ದಾಟಿ ಬಾವು ಏರುತ್ತಲೇ ಇದ್ದರೆ, ಖಂಡ ಮರದ ಹಲಗೆಯಷ್ಟು ಗಟ್ಟಿಯಾದರೆ, ಬೇರೆಯವರು ಕಾಲ್ಬೆರಳನ್ನು ಮೆಲ್ಲ ಮಡಚಿದರೂ ಮೀನಖಂಡದಲ್ಲಿ ತಡೆಯಲಾಗದ ನೋವು ಬಂದರೆ, ಪಾದ ಜೋಮು ಹಿಡಿದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಖಂಡದ ಕವಚದೊಳಗೆ ಒತ್ತಡ ಏರಿ ರಕ್ತ ಸಂಚಾರ ನಿಲ್ಲುವ ಲಕ್ಷಣ ಅದು. ಕೆಲವೇ ಗಂಟೆಗಳಲ್ಲಿ ಖಂಡ ಸಾಯುತ್ತದೆ, ಬೆಳಗಾಗಲಿ ಎಂದು ಕಾಯಬಾರದು. ತಲೆಗೆ, ಹೊಟ್ಟೆಗೆ ಬಿದ್ದ ಪೆಟ್ಟು, ವಾರ್ಫರಿನ್ ಅಥವಾ ಕ್ಲೊಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವ ಹಿರಿಯರ ಪೆಟ್ಟು ಸಣ್ಣದಾಗಿ ಕಂಡರೂ ವೈದ್ಯರಿಗೆ ತೋರಿಸಿ.

ನೋವಿಗೆ ದೊಡ್ಡವರಿಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಲಿವರ್ ತೊಂದರೆ ಇರುವವರು, ಕುಡಿಯುವವರು ಕೇಳಿಯೇ ತೆಗೆದುಕೊಳ್ಳಲಿ. ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಲ್ಲವು, ಮೊದಲ ಎರಡು ದಿನ ಬಿಡುತ್ತೇನೆ. ಮಳೆಗಾಲದಲ್ಲಿ ಇನ್ನೂ ಜಾಗ್ರತೆ ಬೇಕು. ಜ್ವರವಿದ್ದು, ಪೆಟ್ಟೇ ತಾಗದೆ ಅಲ್ಲಲ್ಲಿ ನೀಲಿ ಕಲೆ, ಕೆಂಪು ಚುಕ್ಕೆ ಕಂಡರೆ ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರಬಹುದು. ಅಂಥವರು ಈ ಎರಡು ಮಾತ್ರೆ ಮುಟ್ಟದೆ ಮೊದಲು ರಕ್ತಪರೀಕ್ಷೆ ಮಾಡಿಸಬೇಕು.

ಮೂರನೆಯ ದಿನ ಟೇಪಿನ ಅಳತೆ ಏರದಿದ್ದರೆ ಶಾಖಕ್ಕೆ ಕಾಲ ಬಂತು. ಹಳೆ ಕಾಲುಚೀಲಕ್ಕೆ ಎರಡು ಹಿಡಿ ಕುಚ್ಚಲಕ್ಕಿ ತುಂಬಿ ಬಾಯಿ ಕಟ್ಟಿ, ಕಾವಲಿಯ ಮೇಲೆ ಹೊರಳಿಸಿ ಬಿಸಿ ಮಾಡಿ. ಮುಂಗೈ ಒಳಬದಿಗೆ ಇಟ್ಟು ಹತ್ತು ಸೆಕೆಂಡು ತಡೆಯುವಷ್ಟು ಬಿಸಿ ಸಾಕು. 15 ನಿಮಿಷ ಶಾಖ, ಆಮೇಲೆ ತೊಡೆ ಬಿಗಿಹಿಡಿದು ಐದು ಎಣಿಸಿ ಬಿಡುವುದು ಹತ್ತು ಸಲ, ಬೋರಲಾಗಿ ಮಲಗಿ ಮೊಣಕಾಲು ಮಡಚುವುದು ಹತ್ತು ಸಲ. ದಿನಕ್ಕೆ ಮೂರು ಬಾರಿ. ಎಣ್ಣೆ ಹಚ್ಚುವವರು ಐದಾರು ದಿನದ ಮೇಲೆ ಬಾವಿನ ಸುತ್ತ ಅಂಗೈಯಲ್ಲಿ ಮೆಲ್ಲ ಸವರಲಿ, ಗಂಟಿನ ಮೇಲೆ ಹೆಬ್ಬೆರಳು ಒತ್ತುವುದು ಬೇಡ.

ಈ ದಿನಗಳಲ್ಲಿ ನೀಲಿ ಹಸಿರಾಗಿ, ಹಸಿರು ಹಳದಿಯಾಗಿ, ಎರಡು ವಾರದ ಹೊತ್ತಿಗೆ ಮಾಸುತ್ತದೆ. ತೊಡೆಯ ರಕ್ತ ಜಾರಿ ಮೊಣಕಾಲ ಪಕ್ಕದಲ್ಲಿ ನೀಲಿಯಾಗಿ ಕಂಡರೆ ಗಾಬರಿ ಬೇಡ, ಅದು ಹೊಸ ಪೆಟ್ಟಲ್ಲ. ಗಮನಿಸಬೇಕಾದ್ದು ಬೇರೆ: ಬಣ್ಣ ಹೋಗಿಯೂ ಎರಡು ಮೂರು ವಾರಕ್ಕೆ ಗಂಟು ಗಟ್ಟಿಯಾಗುತ್ತಾ, ಮೊಣಕಾಲು ಮಡಚುವುದು ದಿನೇದಿನೇ ಕಡಿಮೆಯಾದರೆ ಖಂಡದೊಳಗೆ ಮೂಳೆ ಬೆಳೆಯುತ್ತಿರಬಹುದು. ಮೂರು ನಾಲ್ಕು ವಾರದ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಅದು ಕಾಣುತ್ತದೆ. ಅಲ್ಲಿಯವರೆಗೆ ಮಾಲೀಸು, ಜಗ್ಗುವುದು ಎರಡನ್ನೂ ನಿಲ್ಲಿಸಬೇಕು.

ಹಿಮ್ಮಡಿ ಎರಡೂ ಕಾಲಲ್ಲಿ ಒಂದೇ ಅಳತೆಗೆ ಪೃಷ್ಠದ ಹತ್ತಿರ ಬಂದು, ಒಂಟಿಕಾಲಲ್ಲಿ ಹತ್ತು ಸಲ ನೋವಿಲ್ಲದೆ ಕುಪ್ಪಳಿಸಿದ ಮೇಲೆ ಆಟಕ್ಕೆ ಬಿಡುತ್ತೇನೆ. ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಮೊದಲಿಗಿಂತ ಕೆಟ್ಟದು. ಹಳೆ ಯೋಗ ಮ್ಯಾಟಿನಿಂದ ಅಂಗೈ ಅಗಲದ ಬಿಲ್ಲೆ ಕತ್ತರಿಸಿ, ನಡುವೆ ಗಂಟಿನಷ್ಟು ತೂತು ಮಾಡಿ, ಎರಡು ಪದರ ಅಂಟಿಸಿ ಚಡ್ಡಿಯೊಳಗೆ ಕ್ರೇಪಿನಿಂದ ಸುತ್ತಿಕೊಂಡು ಆಡಿದರೆ ಏಟು ಅಂಚಿನ ಮೇಲೆ ಹರಡಿಹೋಗುತ್ತದೆ.