ಯಜಮಾನ ದೂರ ಹೋದ ಮೇಲೆ

ಮಗಳಿಗೆ ಒಂಬತ್ತು ತುಂಬಿದಾಗ, ಒಗೆದ ಬಟ್ಟೆ ಮಡಚಿಡುವ ಕೆಲಸವನ್ನು ಅವಳಿಗೆ ವಹಿಸಿದೆ. ಅವಳು ಮಲಗಿದ ಮೇಲೆ ಎಲ್ಲವನ್ನೂ ಕಪಾಟಿನಿಂದ ಹೊರತೆಗೆದು, ಅಂಚಿಗೆ ಅಂಚು ಕೂಡಿಸಿ ನಾನೇ ಮತ್ತೆ ಮಡಚುತ್ತಿದ್ದೆ. ಒಂದು ರಾತ್ರಿ ನೀರು ಕುಡಿಯಲು ಎದ್ದವಳು ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಏನೂ ಅನ್ನಲಿಲ್ಲ. ಮರುದಿನದಿಂದ ಬಟ್ಟೆಗಳನ್ನು ಮುದ್ದೆ ಮಾಡಿ ಕಪಾಟಿಗೆ ತುರುಕತೊಡಗಿದಳು. ಕೇಳಿದ್ದಕ್ಕೆ, "ಹೇಗಿದ್ರೂ ನೀನೇ ಮತ್ತೆ ಮಾಡ್ತೀಯಲ್ಲಮ್ಮ" ಎಂದಳು.

ಆ ಹೊತ್ತಿಗೆ ಸಂಡೇ ಸ್ಕೂಲಿನಲ್ಲಿ ಏಳು ವರ್ಷ ಕಲಿಸಿದ್ದೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಮತ್ತಾಯ 25ನೇ ಅಧ್ಯಾಯದಲ್ಲಿ ಯೇಸು ಹೇಳುವ ತಲಾಂತುಗಳ ಸಾಮ್ಯವನ್ನು, ಆ ದೃಷ್ಟಾಂತ ಕಥೆಯನ್ನು, ಮಕ್ಕಳಿಂದ ನಾಟಕ ಮಾಡಿಸಿದ್ದೂ ಉಂಟು. ಯಜಮಾನನೊಬ್ಬ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಹಣ ಒಪ್ಪಿಸುತ್ತಾನೆ; ಮೊದಲಿಬ್ಬರು ಅದನ್ನು ಇಮ್ಮಡಿ ಮಾಡುತ್ತಾರೆ, ಮೂರನೆಯವನು ನೆಲದಲ್ಲಿ ಹೂತಿಡುತ್ತಾನೆ. ಅಷ್ಟು ವರ್ಷವೂ ನನ್ನ ಕಣ್ಣಿಗೆ ಬಿದ್ದದ್ದು ಮೂವರು ಆಳುಗಳು ಮಾತ್ರ. ಮಗಳ ಮಾತಿನ ನಂತರ ಅದನ್ನೇ ಮತ್ತೆ ಓದಿದಾಗ ಯಜಮಾನ ಕಂಡ. ಅವನು ತನ್ನ ಆಸ್ತಿಯನ್ನು ಒಪ್ಪಿಸಿಕೊಟ್ಟು ದೇಶಾಂತರ ಹೊರಟುಬಿಡುತ್ತಾನೆ. ಬಹುಕಾಲದ ಮೇಲೆ ಬರುತ್ತಾನೆ. ನಡುವೆ ಇಣುಕಿ ನೋಡುವುದಿಲ್ಲ, ರಾತ್ರಿ ಬಂದು ಲೆಕ್ಕ ತಿದ್ದುವುದಿಲ್ಲ. ಒಪ್ಪಿಸಿದ್ದಾದರೂ ಎಷ್ಟು! ತಲಾಂತು ಎಂದರೆ ತೂಕದ ಅಳತೆ. ಒಂದು ತಲಾಂತು ಬೆಳ್ಳಿಗೆ ಸುಮಾರು 6,000 ದೀನಾರಿಗಳು. ಒಂದು ದೀನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ಅಂದರೆ ಒಂದೇ ತಲಾಂತು ಪಡೆದವನ ಕೈಯಲ್ಲೂ ಹೆಚ್ಚುಕಡಿಮೆ 20 ವರ್ಷದ ದುಡಿಮೆಯ ಹಣವಿತ್ತು. ನಾನೋ, ನಾಲ್ಕು ಅಂಗಿಗಳನ್ನು ಒಪ್ಪಿಸಲಾರದೆ ಹೋಗಿದ್ದೆ.

ಮೊದಲು ಬಿಟ್ಟದ್ದು ಕೂಲಿ ಕೊಡುವುದನ್ನು. ಒಂದೊಂದು ಕೆಲಸಕ್ಕೆ ಇಷ್ಟು ಎಂದು ಗೋಡೆಗೆ ಪಟ್ಟಿ ಅಂಟಿಸಿದ್ದೆವು. ಅವರ ಅಪ್ಪ ಜ್ವರದಲ್ಲಿ ಮಲಗಿದ್ದಾಗ ನೀರು ತಂದುಕೊಡು ಎಂದರೆ ಏಳು ವರ್ಷದ ಮಗ "ಇದಕ್ಕೆಷ್ಟು?" ಎಂದು ಕೇಳಿದ. ತಪ್ಪು ಅವನದಲ್ಲ, ನಾವು ಕಲಿಸಿದ್ದನ್ನೇ ಅವನು ಕಲಿತಿದ್ದ. ಸತ್ಯವೇದದ ಮನೆವಾರ್ತೆಯವನು ಒಡೆಯನೂ ಅಲ್ಲ, ದಿನಗೂಲಿಯವನೂ ಅಲ್ಲ. ಬೇರೆಯವರದನ್ನು ತನ್ನದರಂತೆ ನೋಡಿಕೊಳ್ಳುವವನು. ನಮ್ಮ ಪಟ್ಟಿಯಲ್ಲಿ ಅಂಥವನಿಗೆ ಜಾಗವೇ ಇರಲಿಲ್ಲ.

ಎರಡನೆಯದಾಗಿ ಬಿಟ್ಟದ್ದು, ಕೆಲಸವನ್ನು ಶಿಕ್ಷೆಯಾಗಿ ಕೊಡುವುದನ್ನು. ಜಗಳವಾಡಿದರೆ ಪಾತ್ರೆ ತೊಳೆ ಎನ್ನುತ್ತಿದ್ದೆ. ಆದರೆ ಏದೆನ್ ತೋಟವನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ದೇವರು ಮನುಷ್ಯನನ್ನು ಅಲ್ಲಿ ಇಟ್ಟದ್ದು ಆದಿಕಾಂಡದ 2ನೇ ಅಧ್ಯಾಯದಲ್ಲಿ. ಪಾಪ ಬಂದದ್ದು 3ನೇ ಅಧ್ಯಾಯದಲ್ಲಿ. ಮುಳ್ಳೂ ಬೆವರೂ ಆಮೇಲೆ ಸೇರಿದವು, ದುಡಿಮೆ ಮೊದಲೇ ಇತ್ತು. ಅಲ್ಲಿ ವ್ಯವಸಾಯಕ್ಕೆ ಬಳಸಿರುವ ಹೀಬ್ರೂ ಕ್ರಿಯಾಪದವೇ ಬೇರೆಡೆ ದೇವರ ಸೇವೆಗೂ ಬರುತ್ತದೆ. ಪಾತ್ರೆ ತೊಳೆಯುವುದನ್ನು ದಂಡನೆ ಮಾಡಿದ ನಾನು ಮಕ್ಕಳ ಕೈಯಿಂದ ಏನನ್ನು ಕಿತ್ತುಕೊಂಡೆ ಎಂದು ಆಗ ತಿಳಿಯಿತು.

ಹೊಸದಾಗಿ ಶುರುಮಾಡಿದ್ದು ಹೀಗೆ. ಇಬ್ಬರಿಗೂ ಒಂದೊಂದು ಹೊಣೆ, ಒಂದು ವರ್ಷದ ಮಟ್ಟಿಗೆ. ಮಗಳಿಗೆ ಇಬ್ಬರ ನೋಟ್‌ಪುಸ್ತಕ, ಪೆನ್ನು, ಬಣ್ಣಗಳ ಖರ್ಚು: ವರ್ಷದ ಹಣವನ್ನೆಲ್ಲ ಒಮ್ಮೆಗೇ ಅವಳ ಕೈಗೆ ಕೊಟ್ಟು, ಜೊತೆಗೊಂದು ಲೆಕ್ಕದ ಪುಸ್ತಕ ಕೊಟ್ಟೆ. ಮಗನಿಗೆ ಆರು ಹೂಕುಂಡಗಳು ಮತ್ತು ತೋಟದ ಹತಾರುಗಳು. ಮೊದಲ ಮೂರು ವಾರ ಪಕ್ಕದಲ್ಲಿ ಕೂತು ಜೊತೆಗೇ ಮಾಡಿದೆ. ಕೆಲಸ ಮುಗಿಯಿತು ಎನ್ನಲು ಏನಾಗಿರಬೇಕೆಂದು ಮಾತಾಡಿಕೊಂಡೆವು. ಮಣ್ಣಿಗೆ ಬೆರಳು ಒತ್ತಿದರೆ ತೇವ ಹತ್ತಬೇಕು. ಕೈಗುದ್ದಲಿ ಒರೆಸಿ ಮೊಳೆಗೆ ನೇತುಹಾಕಿರಬೇಕು. "ಚೆನ್ನಾಗಿ ಮಾಡು" ಎಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ.

ಆಮೇಲೆ ಕೈಬಿಟ್ಟೆ. ಕಷ್ಟವಾದದ್ದು ಇದೇ.

ಐದನೇ ವಾರ ಗಿಡಗಳು ಬಾಡತೊಡಗಿದವು. ಚೆಂಬಿನಲ್ಲಿ ನೀರು ತುಂಬಿಕೊಂಡು ಹೋಗಿ, ಕುಂಡದ ಮುಂದೆ ನಿಂತು, ಸುರಿಯದೆ ವಾಪಸು ಬಂದೆ. ವಾರಕ್ಕೊಮ್ಮೆ ಲೆಕ್ಕ ಒಪ್ಪಿಸುವ ರಾತ್ರಿ "ಗಿಡ ಹೇಗಿವೆ?" ಎಂದಷ್ಟೇ ಕೇಳುತ್ತಿದ್ದೆ. ಆರರಲ್ಲಿ ನಾಲ್ಕು ಸತ್ತವು. ಅವನು ಅತ್ತ. ಪಕ್ಕದಲ್ಲಿ ಕೂತು, ಬೇರು ಕಿತ್ತು, ಮಣ್ಣು ಹೇಗೆ ಗಟ್ಟಿಯಾಗಿದೆ ಎಂದು ತೋರಿಸಿದೆ. ಉಳಿದ ಎರಡರಿಂದ ಕಡ್ಡಿ ಕತ್ತರಿಸಿ ನೆಟ್ಟೆವು. ಇಂಥ ನಷ್ಟಕ್ಕೆ ಎಡೆಯಿಲ್ಲದ ಹೊಣೆ ಹೊಣೆಯೇ ಅಲ್ಲ ಎಂದು ನಂಬಿದ್ದೇನೆ. ಆದರೆ ಅದಕ್ಕೂ ಮಿತಿ ಬೇಕು. ಹೂಗಿಡ ಒಣಗಲು ಬಿಡಬಹುದು, ಸಾಕುಪ್ರಾಣಿಯನ್ನು ಹಸಿಯಲು ಬಿಡುವಂತಿಲ್ಲ. ಕಲಿಯುವ ಮಗುವಿಗಾಗಿ ಬೇರೆ ಜೀವ ನೋಯಬಾರದು.

ಹಣದ ವಿಷಯದಲ್ಲಿ ಎಲ್ಲರೂ ಹೇಳುವ ಮೂರು ಡಬ್ಬಿಗಳನ್ನು ನಾವೂ ಇಟ್ಟೆವು: ಕಾಣಿಕೆಗೆ, ಉಳಿತಾಯಕ್ಕೆ, ಖರ್ಚಿಗೆ. ಅದು ಒಳ್ಳೆಯ ರೂಢಿ. ಆದರೂ ಮಗಳಿಗೆ ಹಣದ ತೂಕ ಗೊತ್ತಾದದ್ದು ಅರ್ಧ ವರ್ಷಕ್ಕೇ ದುಡ್ಡು ಮುಗಿದು, ಹಳೇ ನೋಟ್‌ಪುಸ್ತಕಗಳ ಖಾಲಿ ಹಾಳೆಗಳನ್ನು ಕಿತ್ತು ಹೊಲಿದುಕೊಂಡಾಗ.

ಹತಾರುಗಳ ಬಗ್ಗೆ ಮಗನಿಗೆ 6ನೇ ಶತಮಾನದ ಸಂತ ಬೆನೆಡಿಕ್ಟನ ವಿಷಯ ಹೇಳಿದ್ದೆ. ಅವನು ಸಂನ್ಯಾಸಿಗಳಿಗೆ ಬರೆದ ನಿಯಮದ 31ನೇ ಅಧ್ಯಾಯದಲ್ಲಿ, ಉಗ್ರಾಣ ನೋಡಿಕೊಳ್ಳುವವನು ಮಠದ ಎಲ್ಲ ಸಾಮಾನುಗಳನ್ನೂ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಎಂದಿದೆ. "ಗುದ್ದಲೀನೂ?" ಎಂದ ಮಗ. ಗುದ್ದಲಿಯೂ ಹೌದು ಎಂದೆ.

ಏನು ಮಾಡಿದರೂ ಕರ್ತನಿಗೋಸ್ಕರ ಎಂದು ಮನಃಪೂರ್ವಕವಾಗಿ ಮಾಡಿರಿ ಎನ್ನುವ ಕೊಲೊಸ್ಸೆ 3:23ನ್ನು ಮಕ್ಕಳ ಮುಂದೆ ಹಿಡಿಯಲು ಈಗ ನನಗೆ ಹೆದರಿಕೆ. ಕೊಲೊಸ್ಸೆಯ ಸಭೆಗೆ ಬರೆದ ಆ ಪತ್ರದಲ್ಲಿ ಅಪೊಸ್ತಲ ಪೌಲ ಅದನ್ನು ಹೇಳಿದ್ದು ದಾಸರಿಗೆ. ಹಾಗೆ ಹೇಳಿ, 4ನೇ ಅಧ್ಯಾಯದ ಮೊದಲ ವಚನದಲ್ಲೇ ನಿಮಗೂ ಪರಲೋಕದಲ್ಲಿ ಯಜಮಾನನಿದ್ದಾನೆ ಎಂದು ಒಡೆಯರಿಗೆ ನೆನಪಿಸುತ್ತಾನೆ. ಮೊದಲನೆಯದನ್ನು ಓದಿ ಎರಡನೆಯದನ್ನು ಮುಚ್ಚಿಡುವುದು ದೊಡ್ಡವರಿಗೆ ಬಹಳ ಸುಲಭ. ಅದಕ್ಕೇ ಲೆಕ್ಕದ ರಾತ್ರಿ ನಾನೂ ಅವರ ಅಪ್ಪನೂ ಲೆಕ್ಕ ಕೊಡುತ್ತೇವೆ. ಆ ವಾರ ಕೈಗೆ ಬಂದ ಹಣ, ಸಮಯ, ಮಾತು ಏನಾಯಿತು ಎಂದು. "ನೀನು ಮಂಗಳವಾರ ನನ್ನ ಮೇಲೆ ಸುಮ್ಮನೆ ರೇಗಿದೆ" ಎಂದು ಮಗಳು ಅಲ್ಲೇ ಹೇಳಿದ್ದಾಳೆ. ಅದನ್ನೂ ಬರೆದುಕೊಂಡೆ.

ಸಾಮ್ಯದಲ್ಲಿ ಇನ್ನೊಂದು ಸಂಗತಿಯಿದೆ. ಐದು ತಲಾಂತು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಯಜಮಾನ ಹೇಳುವ ಮೆಚ್ಚುಗೆಯ ಮಾತು ಒಂದೇ, ಅಕ್ಷರವೂ ಬದಲಾಗುವುದಿಲ್ಲ. ಅಕ್ಕನಷ್ಟು ಚುರುಕಲ್ಲದ ತಮ್ಮನಿಗೆ ನಾನು ಬೇರೆ ಧ್ವನಿಯಲ್ಲಿ "ಪರವಾಗಿಲ್ಲ ಬಿಡು" ಎನ್ನುತ್ತಿದ್ದೆ. ಅದನ್ನೂ ನಿಲ್ಲಿಸಿದೆ. ಮೂರನೆಯವನು ಹೂತಿಟ್ಟದ್ದು ಭಯದಿಂದ. ನೀನು ಕಠಿಣ ಮನುಷ್ಯ ಎಂದು ತಿಳಿದಿದ್ದೆ ಎನ್ನುತ್ತಾನೆ ಅವನು. ಆ ಸಾಲು ಬಂದಾಗಲೆಲ್ಲ, ನನ್ನ ಮಕ್ಕಳು ನನಗೆ ಹೆದರಿ ಏನೇನು ಹೂತಿಟ್ಟಿರಬಹುದು ಎಂದು ಯೋಚಿಸುತ್ತೇನೆ.

ಕಳೆದ ಲೆಕ್ಕದ ರಾತ್ರಿ ಮಗ, ಈಗ ಅವನಿಗೆ ಹತ್ತು, ಗಿಡ ಕತ್ತರಿಸುವ ಕತ್ತರಿಯನ್ನು ತಂದು ಮೇಜಿನ ಮೇಲಿಟ್ಟ. "ಹಿಡಿ ಮುರಿದಿದೆ. ನಾನೇ ಮುರಿದಿದ್ದು, ತಂತಿ ಕತ್ತರಿಸೋಕೆ ಹೋಗಿ" ಎಂದ. ನಾನಾಗಲಿ ಅವರ ಅಪ್ಪನಾಗಲಿ ಬಾಯಿ ತೆರೆಯುವ ಮೊದಲೇ ಮುರಿದ ತುಂಡನ್ನು ಜೇಬಿನಿಂದ ತೆಗೆದು ಕೂಡಿಸಿ ತೋರಿಸಿ, ಹೇಗೆ ಜೋಡಿಸಬಹುದು ಎಂದು ಅಕ್ಕನನ್ನು ಕೇಳತೊಡಗಿದ.