ಅಪಘಾತ ಪರಿಹಾರದ ಕೇಸು: ಸಾಕ್ಷ್ಯ ಶುರುವಾಗುವ ಮುಂಚೆ ದಾಖಲೆ ಜೋಡಿಸುವ ಕೆಲಸ

ಮೋಟಾರು ಅಪಘಾತದ ಕೇಸು ಬಂದಾಗ ಎಫ್‌ಐಆರ್‌ಗಿಂತ ಮುಂಚೆ ನಾನು ಕೇಳುವುದು ಗಾಯಾಳುವನ್ನು ಮೊದಲು ಕರೆದೊಯ್ದ ಆಸ್ಪತ್ರೆಯ ದಾಖಲೆ. ಎಷ್ಟೋ ಸಲ ಅದು ಹತ್ತಿರದ ಚಿಕ್ಕ ಆಸ್ಪತ್ರೆ. ಪ್ರಥಮ ಚಿಕಿತ್ಸೆ ಕೊಟ್ಟು ಮುಂದಕ್ಕೆ ಕಳಿಸಿರುತ್ತಾರೆ. ಅಲ್ಲಿನ ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯಗಳನ್ನು ದಾಖಲಿಸುವ) ರಿಜಿಸ್ಟರಿನಲ್ಲಿ ಗಾಯ ಹೇಗಾಯಿತು ಎಂದು ಒಂದು ಸಾಲು ಬರೆದಿರುತ್ತಾರೆ. ‘ಕಾರು ಡಿಕ್ಕಿ ಹೊಡೆದು’ ಎಂದಿದ್ದರೆ ತೊಂದರೆ ಇಲ್ಲ. ‘ಬೈಕ್ ಸ್ಕಿಡ್ ಆಗಿ ಬಿದ್ದು’ ಎಂದಿದ್ದರೆ, ಕಾರನ್ನು ಆಮೇಲೆ ತಂದು ಸೇರಿಸಿದ್ದಾರೆ ಎಂದು ವಿಮಾ ಕಂಪನಿ ವಾದಿಸುತ್ತದೆ. ದೂರು ಕೊಡುವುದು ನಾಲ್ಕೈದು ದಿನ ತಡವಾಗಿದ್ದರಂತೂ ಆ ವಾದಕ್ಕೆ ಇನ್ನಷ್ಟು ಬಲ.

ಗಾಯಾಳುವಿಗೆ ಪ್ರಜ್ಞೆ ಇಲ್ಲದಾಗ, ಕರೆತಂದವರು ಹೇಳಿದ್ದನ್ನೇ ಡ್ಯೂಟಿ ಡಾಕ್ಟರು ಬರೆದುಕೊಂಡಿರುತ್ತಾರೆ. ಹಾಗಾಗಿ ಆ ಪುಟದಲ್ಲಿ ಕರೆತಂದವರ ಹೆಸರು, ಬಂದ ಸಮಯ, ಪ್ರಜ್ಞೆಯ ಸ್ಥಿತಿ ಮೂರನ್ನೂ ನೋಡಿಕೊಳ್ಳುತ್ತೇನೆ. ಸಾಲು ನಮಗೆ ವಿರುದ್ಧವಾಗಿದ್ದರೆ ಬಚ್ಚಿಡುವುದಿಲ್ಲ. ಹಾಗೆ ಏಕೆ ಬರೆದರು ಎಂಬುದನ್ನು ಅರ್ಜಿಯಲ್ಲೇ ವಿವರಿಸಿ, ಕರೆತಂದವರನ್ನು ಸಾಕ್ಷಿ ಪಟ್ಟಿಗೆ ಸೇರಿಸುತ್ತೇನೆ. ಕಂಪನಿಯವರು ಸಮನ್ಸ್ ಕೊಡಿಸಿ ಕೇಸ್ ಶೀಟ್ ತರಿಸಿಯೇ ತರಿಸುತ್ತಾರೆ. ಪಾಟೀಸವಾಲಿನಲ್ಲಿ ಅದು ಮೊದಲ ಸಲ ಹೊರಬಿದ್ದರೆ ಗಾಯಾಳು ಹೇಳುವ ಉಳಿದ ಮಾತಿನ ಮೇಲೂ ಅನುಮಾನ ಬೀಳುತ್ತದೆ.

ಪೊಲೀಸರಿಂದ ದೂರು, ಎಫ್‌ಐಆರ್, ಸ್ಥಳ ಮಹಜರು, ಸ್ಕೆಚ್, ಐಎಂವಿ ವರದಿ (ಮೋಟಾರು ವಾಹನ ನಿರೀಕ್ಷಕರು ವಾಹನಗಳ ಹಾನಿಯನ್ನು ಪರಿಶೀಲಿಸಿ ಕೊಡುವ ವರದಿ), ಗಾಯದ ಪ್ರಮಾಣಪತ್ರ, ದೋಷಾರೋಪಣ ಪಟ್ಟಿ ಇವುಗಳ ದೃಢೀಕೃತ ನಕಲು ಬೇಕು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ಕೊಡಬೇಕು. ಈ ಗಡುವುಗಳನ್ನು ನಮೂದಿಸಿ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ನಕಲು ಕೈಗೆ ಬಂದ ಮೇಲೆ ಸ್ಕೆಚ್ಚನ್ನೂ ಐಎಂವಿ ವರದಿಯನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಕಾರು ಹಿಂದಿನಿಂದ ಗುದ್ದಿತು ಎಂದು ದೂರಿನಲ್ಲಿದ್ದು, ವರದಿಯಲ್ಲಿ ಬೈಕಿನ ಮುಂದಿನ ಫೋರ್ಕ್ ಬಾಗಿದೆ ಎಂದಿದ್ದರೆ, ಗುದ್ದಿದ ಮೇಲೆ ಬೈಕು ಮುಂದೆ ಯಾವುದಕ್ಕೆ ತಗುಲಿತು ಎಂಬ ಉತ್ತರ ಸಾಕ್ಷ್ಯಕ್ಕೆ ಮುಂಚೆಯೇ ಸಿಕ್ಕಿರಬೇಕು.

ಎದುರುದಾರರ ಬಳಿ ಇರುವುದು ಪಾಲಿಸಿ, ಚಾಲಕನ ಡಿಎಲ್, ಪರ್ಮಿಟ್, ಎಫ್‌ಸಿ (ವಾಹನದ ಅರ್ಹತಾ ಪತ್ರ). ಮೊದಲು ಅವರ ವಕೀಲರಿಗೆ ಬರವಣಿಗೆಯಲ್ಲಿ ಕೇಳುತ್ತೇನೆ. ಕೊಡದಿದ್ದರೆ ಮೋಟಾರು ವಾಹನ ಕಾಯ್ದೆಯ ಕಲಂ 169(2)ರಡಿ ಅರ್ಜಿ. ದಾಖಲೆ ಹಾಜರುಪಡಿಸುವಂತೆ ಒತ್ತಾಯಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ. ‘ಎಲ್ಲ ದಾಖಲೆ ಹಾಜರುಪಡಿಸಲಿ’ ಎಂಬ ಅರ್ಜಿ ನಿಲ್ಲುವುದಿಲ್ಲ. ಯಾವ ದಾಖಲೆ, ಯಾವ ಅವಧಿಯದು, ಯಾವ ವಿವಾದಕ್ಕೆ ಬೇಕು ಎಂದು ಬಿಡಿಬಿಡಿಯಾಗಿ ಬರೆಯಬೇಕು.

ವಾಹನ ಸೇರದ ಗಾಯದ ದಾವೆಗಳಲ್ಲಿ, ಉದಾಹರಣೆಗೆ ತುಂಡಾದ ವಿದ್ಯುತ್ ತಂತಿ ತಗುಲಿದ ಕೇಸಿನಲ್ಲಿ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 11 ತುಂಬಾ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಅದನ್ನು ಬಳಸುವವರು ಕಡಿಮೆ ಎಂಬುದು ನನಗೆ ಬೇಸರದ ವಿಷಯ. ನ್ಯಾಯಾಲಯದ ಅನುಮತಿ ಪಡೆದು ಲಿಖಿತ ಪ್ರಶ್ನೆಗಳನ್ನು ಕಳಿಸಿದರೆ ಹತ್ತು ದಿನದಲ್ಲಿ, ಇಲ್ಲವೇ ನ್ಯಾಯಾಲಯ ಕೊಟ್ಟ ಸಮಯದಲ್ಲಿ, ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಉತ್ತರ ಬರಬೇಕು. ಆದೇಶವನ್ನು ಪಾಲಿಸದ ಪ್ರತಿವಾದಿಯ ಪ್ರತಿವಾದವನ್ನೇ ನಿಯಮ 21ರಡಿ ತೆಗೆದುಹಾಕಬಹುದು. ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಇರಲಿ: ‘ಈ ಲೈನನ್ನು ಕೊನೆಯದಾಗಿ ಪರಿಶೀಲಿಸಿದ ದಿನಾಂಕ ಯಾವುದು?’ ಎರಡು ಸಂಗತಿ ಸೇರಿಸಿದರೆ ಸುಲಭದ್ದಕ್ಕೆ ಮಾತ್ರ ಉತ್ತರ ಬರುತ್ತದೆ. ದಾಖಲೆಯನ್ನು ಒಪ್ಪಿಕೊಳ್ಳುವಂತೆ ಕೇಳುವ ಆದೇಶ 12 ನಿಯಮ 2ರ ನೋಟಿಸನ್ನೂ ಕಳಿಸಿ. ಏಳು ದಿನದಲ್ಲಿ ದಾಖಲೆಯನ್ನು ಒಪ್ಪದೆ ಸುಮ್ಮನಿದ್ದವರು ಅದನ್ನು ರುಜುವಾತುಪಡಿಸುವ ಖರ್ಚನ್ನು ಸಾಮಾನ್ಯವಾಗಿ ಹೊರಬೇಕಾಗುತ್ತದೆ.

ಸಿಸಿಟಿವಿ ವಿಷಯದಲ್ಲಿ ತಡ ಮಾಡಲೇಬೇಡಿ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ರೆಕಾರ್ಡ್ ಆಗುತ್ತದೆ. ಅಂಗಡಿಯವರಿಗೆ ಅಳಿಸದಂತೆ ಪತ್ರ ಕೊಟ್ಟು, ನಕಲು ಮಾಡುವಾಗಲೇ ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ಬರೆದುಕೊಳ್ಳಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಅದು ಬೇಕಾಗುತ್ತದೆ.

ನಾವು ಕೊಡಬೇಕಾದ್ದರಲ್ಲಿ ಅಂಗವೈಕಲ್ಯದ ಪ್ರಮಾಣಪತ್ರವೇ ಮುಖ್ಯ. 32 ವರ್ಷದ ಗಾಯಾಳುವಿಗೆ ತಿಂಗಳಿಗೆ 15,000 ರೂ. ಆದಾಯ ಇದ್ದರೆ ಗುಣಕ (ವಾರ್ಷಿಕ ಆದಾಯವನ್ನು ವಯಸ್ಸಿಗೆ ತಕ್ಕಂತೆ ಗುಣಿಸುವ ಸಂಖ್ಯೆ) 16. ವೈಕಲ್ಯ ಶೇ. 15 ಎಂದಾದರೆ ಆದಾಯ ನಷ್ಟ 4,32,000 ರೂ., ಶೇ. 10 ಎಂದಾದರೆ 2,88,000 ರೂ. ವೈದ್ಯರು ಕೈ ಅಥವಾ ಕಾಲಿಗಷ್ಟೇ ಶೇಕಡಾವಾರು ಬರೆದು ಬಿಟ್ಟರೆ ಸಾಲದು. ಇಡೀ ದೇಹಕ್ಕೆ ಎಷ್ಟು ಎಂಬುದೂ ಇರಬೇಕು. ಗಾಯಾಳು ಮಾಡುತ್ತಿದ್ದ ಕೆಲಸಕ್ಕೆ ಏನು ಅಡ್ಡಿ ಎಂಬುದನ್ನೂ ಸಾಕ್ಷ್ಯದಲ್ಲಿ ತರಬೇಕು. 2011ರಲ್ಲಿ ವರದಿಯಾದ ಸುಪ್ರೀಂ ಕೋರ್ಟಿನ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಒತ್ತುಕೊಟ್ಟದ್ದು ಇದಕ್ಕೇ. ಚಿಕಿತ್ಸೆ ಮುಗಿದ ಮೇಲೆ ಹೊಸ ಎಕ್ಸ್‌ರೇ ತೆಗೆಸಿ, ಸಾಧ್ಯವಾದರೆ ಚಿಕಿತ್ಸೆ ಕೊಟ್ಟ ವೈದ್ಯರಿಂದಲೇ ಬರೆಸಿ.

ಔಷಧಿ ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ, ಪ್ರತಿಯೊಂದರ ಹಿಂದೆ ವೈದ್ಯರ ಔಷಧಿ ಚೀಟಿ ಇಟ್ಟು ಪಿನ್ ಮಾಡುತ್ತೇನೆ. ಚೀಟಿಯಿಲ್ಲದ ಬಿಲ್ಲಿಗೆ ತಕರಾರು ತಪ್ಪಿದ್ದಲ್ಲ. ಮೆಡಿಕ್ಲೈಮ್‌ಗಾಗಿ ಅಸಲು ಬಿಲ್ಲು ಕೊಟ್ಟಿದ್ದರೆ ಆ ಕಂಪನಿಯಿಂದ ದೃಢೀಕೃತ ನಕಲನ್ನೂ, ಪಾವತಿಯಾದ ಮೊತ್ತದ ಪತ್ರವನ್ನೂ ಪಡೆಯಬೇಕು. ಕೊನೆಗೆ ಪುಟಸಂಖ್ಯೆ ಹಾಕಿದ ಪಟ್ಟಿಯೊಂದಿಗೆ ಎದುರು ವಕೀಲರಿಗೆ ಒಂದು ಸೆಟ್ ಕೊಟ್ಟು, ನಮ್ಮ ಪ್ರತಿಯ ಮೇಲೆ ‘ನಕಲು ತಲುಪಿದೆ’ ಎಂದು ದಿನಾಂಕ ಸಹಿತ ಬರೆಸಿಕೊಳ್ಳುತ್ತೇನೆ. ನಕಲು ಸಿಕ್ಕಿಲ್ಲ ಎಂದು ವಾಯಿದೆ ಕೇಳಿದ ದಿನ ಆ ಪ್ರತಿಯನ್ನು ನ್ಯಾಯಾಧೀಶರ ಮುಂದೆ ಇಡಬಹುದು.