ಸೈಕಲ್ಲಿಗೆ ಮೋಟರು: 16 ಹಲ್ಲಿನಿಂದ 22ಕ್ಕೆ ಬಂದ ಕತೆ

ನಮ್ಮ ಮನೆಯಿಂದ ಸಾಗರ ಪೇಟೆಗೆ ಆರು ಕಿಲೋಮೀಟರ್. ಐದೂವರೆ ಹೇಗೋ ಸಾಗುತ್ತದೆ, ಉಳಿದ ಅರ್ಧ ಒಂದೇ ಸಮನೆ ಏರು. ಹಳೇ 26 ಇಂಚಿನ ಸೈಕಲ್ಲಿಗೆ ಮೋಟರು ಕೂರಿಸುವ ಹುಚ್ಚು ಹತ್ತಿದ್ದೇ ಆ ಏರಿನಿಂದ. ಹಲ್ಲಿನ ಲೆಕ್ಕ ಹಾಕುವಾಗ ಮರೆತದ್ದೂ ಅದನ್ನೇ.

ತಂದದ್ದು 24 ವೋಲ್ಟ್, 250 ವ್ಯಾಟಿನ ಮೋಟರು. ಅದರದ್ದೇ ಗೇರ್‌ಬಾಕ್ಸ್ ದಾಟಿ ಹೊರಬರುವ ಷಾಫ್ಟು ನಿಮಿಷಕ್ಕೆ 324 ಸುತ್ತು ತಿರುಗುತ್ತದೆ. ತುದಿಯಲ್ಲಿ 9 ಹಲ್ಲಿನ ಪುಟ್ಟ ಚಕ್ರ, ಸಾದಾ ಸೈಕಲ್ ಚೈನೇ ಸಾಕು. ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು, ಅಂಗಳದಲ್ಲಿ ಒಂದು ಸುತ್ತು ಉರುಳಿಸಿ ಅಳೆದೆ: 2.07 ಮೀಟರ್. ಪೆಡಲಿನ ಚೈನು ಬಲಗಡೆ ಇರುವುದರಿಂದ ಮೋಟರಿನ ಚೈನು ಹಿಂಚಕ್ರದ ಎಡಗಡೆಗೆ. ಅಲ್ಲಿ 16 ಹಲ್ಲಿನ ಫ್ರೀವೀಲ್ (ಒಂದು ದಿಕ್ಕಿಗೆ ಹಿಡಿದು, ಇನ್ನೊಂದು ದಿಕ್ಕಿಗೆ ಸುಮ್ಮನೆ ತಿರುಗುವ ಹಲ್ಲಿನ ಚಕ್ರ) ಹಾಕಿದರೆ 324 × 9 ÷ 16, ಅಂದರೆ ಹಿಂಚಕ್ರಕ್ಕೆ ನಿಮಿಷಕ್ಕೆ 182 ಸುತ್ತು. ಗಂಟೆಗೆ 22 ಕಿ.ಮೀ. ದಾಟುತ್ತದೆ. ಇನ್ನೇನು ಬೇಕು ಅಂದುಕೊಂಡೆ.

ಮೊದಲ ದಿನ ಮೋಟರು ತಿರುಗಿತು, ಚೈನು ಓಡಿತು, ಚಕ್ರ ಮಾತ್ರ ಅಲ್ಲಾಡಲಿಲ್ಲ. ಬರೀ ಕಿಟಿಕಿಟಿ ಸದ್ದು. ವೆಲ್ಡಿಂಗ್ ಅಂಗಡಿಯವರು ಬಗ್ಗಿ ನೋಡಿ, "ಎಂಥ ಮಾರಾಯ್ರೆ, ಬಲಗಡೆಯ ಫ್ರೀವೀಲು ಎಡಗಡೆ ಹಾಕ್ಸಿದ್ರೆ ಹಿಡೀತದಾ?" ಅಂದರು. ಹೌದಲ್ಲ! ಬಿಚ್ಚಿ, ಮಗುಚಿ, ಹೊರಮುಖ ಒಳಗೆ ಬರುವ ಹಾಗೆ ಮತ್ತೆ ಬೆಸೆದದ್ದಾಯಿತು. ಒಳಗಿನ ಸ್ಪ್ರಿಂಗು ಬೆಂದುಹೋಗದಂತೆ ಒದ್ದೆ ಬಟ್ಟೆ ಸುತ್ತಿ, ಚುಕ್ಕಿ ಚುಕ್ಕಿಯಾಗಿ ಬೆಸೆಯಬೇಕು.

ಸಪಾಟು ರಸ್ತೆಯಲ್ಲಿ ಸೈಕಲ್ಲು ಹಾರಿತು. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಮೋಟರು ಗೊರಗೊರ ಅಂದು, ಸುಟ್ಟ ವಾಸನೆ ಬಂದು, ಮೋಟರಿಗೆ ಹೋಗುವ ಕರೆಂಟು ಹತೋಟಿಯಲ್ಲಿಡುವ ಕಂಟ್ರೋಲರ್ ಕೈಕೊಟ್ಟಿತು. ಸೈಕಲ್ಲು ತಳ್ಳಿಕೊಂಡು ಹತ್ತಿದೆ. ಬ್ಯಾಟರಿ, ಮೋಟರು ಎಲ್ಲ ಸೇರಿ ಈಗ ಅದು ಮೊದಲಿಗಿಂತ ಹತ್ತು ಕೆ.ಜಿ. ಭಾರ ಬೇರೆ.

ಆಮೇಲೆ ಬುದ್ಧಿ ಬಂತು. ಗಾರೆಯವರು ಮಟ್ಟ ನೋಡುವ ನೀರಿನ ಪೈಪು ತಂದು ಏರನ್ನೇ ಅಳೆದೆ: ಹದಿನೈದು ಅಡಿಗೆ ಒಂದಡಿ. ನಾನೂ ಸೈಕಲ್ಲೂ ಸೇರಿ ನೂರು ಕೆ.ಜಿ. ಅಷ್ಟನ್ನು ಅಲ್ಲಿ ಹತ್ತಿಸಲು ಸುಮಾರು 75 ನ್ಯೂಟನ್ ಬಲ ಬೇಕು, ಚಕ್ರದ ಅಚ್ಚಿನಲ್ಲಿ 25 ನ್ಯೂಟನ್-ಮೀಟರ್ ತಿರುಚುಬಲ. 16 ಹಲ್ಲಿದ್ದರೆ ಇದಕ್ಕೆ ಮೋಟರಿನ ಷಾಫ್ಟು 14 ನ್ಯೂಟನ್-ಮೀಟರ್ ಕೊಡಬೇಕಾಗುತ್ತದೆ. ಅದು ನಿರಾಳವಾಗಿ ಕೊಡುವುದೇ ಏಳೂವರೆ! ಹೆಚ್ಚು ಕಡಿಮೆ ದುಪ್ಪಟ್ಟು ಹೊರೆ, ದುಪ್ಪಟ್ಟು ಕರೆಂಟು.

ಸಿಟ್ಟಿನಲ್ಲಿ ಇನ್ನೊಂದು ತುದಿಗೆ ಹೋದೆ. ಮಕ್ಕಳ ಸೈಕಲ್ಲಿನ ಪೆಡಲ್ ಬಳಿಯ 28 ಹಲ್ಲಿನ ಚಕ್ರ ಕೊಯ್ದು, ಲೇತಿನಲ್ಲಿ ತೂತು ದೊಡ್ಡದು ಮಾಡಿಸಿ, ಹಳೇ ಫ್ರೀವೀಲಿಗೆ ಬೆಸೆಸಿದೆ. ಏರನ್ನು ಆನೆಯ ಹಾಗೆ ಹತ್ತಿತು, ಪೆಡಲ್ ಮುಟ್ಟುವುದೇ ಬೇಡ. ಆದರೆ ಸಪಾಟಿನಲ್ಲೂ 13 ಕಿ.ಮೀ. ಅಷ್ಟೇ. ಪಕ್ಕದ ಮನೆ ಹುಡುಗ ಬರೀ ತುಳಿದುಕೊಂಡೇ ನನ್ನನ್ನು ದಾಟಿ, ತಿರುಗಿ ನೋಡಿ ನಕ್ಕ.

ನಾನು ಲೆಕ್ಕಕ್ಕೆ ಹಿಡಿಯದೇ ಬಿಟ್ಟದ್ದು ನನ್ನ ಕಾಲುಗಳನ್ನು. ಸುಸ್ತಾಗದಂತೆ ತುಳಿದರೂ 80 ವ್ಯಾಟ್ ಬರುತ್ತದೆ. ಮೋಟರಿನ 250ಕ್ಕೆ ಅದು ಸೇರಿದರೆ ಆ ಏರಿನಲ್ಲಿ 15-16 ಕಿ.ಮೀ. ವೇಗ ಹುಟ್ಟುತ್ತದೆ. ಹಿಂದೆ 22 ಹಲ್ಲು ಇದ್ದರೆ ಮೋಟರು ತನ್ನ 324 ಸುತ್ತಿನಲ್ಲಿ ಓಡುವುದೂ ಸರಿಸುಮಾರು ಅದೇ ವೇಗಕ್ಕೆ, 16.5. ನನ್ನ ಪೆಡಲಿನ ಚೈನಿಗೆ ಮುಂದೆ 44 ಹಲ್ಲು, ಹಿಂದೆ 18. ಆ ವೇಗದಲ್ಲಿ ಕಾಲು ನಿಮಿಷಕ್ಕೆ 54 ಸುತ್ತು ತುಳಿಯುತ್ತದೆ, ಹಿತವಾದ ಲಯ. ಮೋಟರಿನ 9 ಹಲ್ಲಿನ ಚಕ್ರವನ್ನೇ ಬದಲಿಸಬಹುದಿತ್ತಲ್ಲ ಅನ್ನಬಹುದು. ಅಲ್ಲಿ ಒಂದು ಹಲ್ಲು ಅಂದರೆ ಹಿಂದಿನ ಎರಡು-ಮೂರು ಹಲ್ಲಿಗೆ ಸಮ, ಇಷ್ಟು ನಾಜೂಕಾಗಿ ಹೊಂದಿಸಲು ಬರುವುದಿಲ್ಲ.

22 ಹಲ್ಲಿನ ಫ್ರೀವೀಲ್ ಪೇಟೆಯ ಸೈಕಲ್ ಅಂಗಡಿಯಲ್ಲೇ ಸಿಕ್ಕಿತು. ತಂತಿಯಲ್ಲಿ ಹರಿಯುವ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಸಿಕ್ಕಿಸಿ ಏರು ಹತ್ತಿದರೆ, ತುಳಿಯುತ್ತಾ ಇರುವಷ್ಟು ಹೊತ್ತು 14 ಆಂಪಿಯರ್ ಆಸುಪಾಸು. ತುಳಿಯುವುದು ನಿಲ್ಲಿಸಿದರೆ ಕರೆಂಟು ಥಟ್ಟನೆ ಮೇಲೆ ಹಾರುತ್ತದೆ. ಮೇಲೆ ತಲುಪಿ ಮೋಟರು ಮುಟ್ಟಿದೆ. ಬಿಸಿ ಇತ್ತು, ಆದರೆ ಕೈ ಇಟ್ಟುಕೊಂಡೇ ಇರಬಹುದಾದಷ್ಟು.